ಕೆರೆ ಬತ್ತಿಸಿ ಓಟ ಕಲಿತ ಊರು

ದೂರದ ಟ್ರಯಥ್ಲಾನ್‌ಗೆ ಮೊದಲ ಸಲ ಹೆಸರು ಕೊಟ್ಟ ಬೆಂಗಳೂರಿಗರನ್ನು ಕಾಡುವುದು ಸೈಕಲ್ಲೂ ಅಲ್ಲ, ಓಟವೂ ಅಲ್ಲ, ನೀರು. ಹೊಸಬರು ಎಲ್ಲ ದೇಶಗಳಲ್ಲೂ ಈಜಿಗೇ ಅಳುಕುತ್ತಾರೆ, ಇದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷ ಇರುವುದು ಊರಿನಲ್ಲಿ. ಹಳೇ ಮದ್ರಾಸ್ ರಸ್ತೆಯ ಪಕ್ಕದ ಮರ್ಫಿ ಟೌನನ್ನೇ ತೆಗೆದುಕೊಳ್ಳಿ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ನೂರಿಪ್ಪತ್ತು ಎಕರೆಯಷ್ಟು ಹರಡಿದ ಹಲಸೂರು ಕೆರೆಯಿದೆ. ಕೆರೆಯ ಮಗ್ಗುಲಲ್ಲೇ ಪಾಲಿಕೆಯ ಕೆನ್ಸಿಂಗ್ಟನ್ ಈಜುಕೊಳವಿದೆ. ಈಜಬೇಕೆನ್ನುವವರು ಅಷ್ಟು ದೊಡ್ಡ ಕೆರೆಗೆ ಬೆನ್ನು ಹಾಕಿ, ದುಡ್ಡು ಕೊಟ್ಟು, ಕ್ಲೋರಿನ್ ಹಾಕಿದ ನೀರಿಗೆ ಇಳಿಯುತ್ತಾರೆ. ಇದು ಯಾರಿಗೂ ವಿಚಿತ್ರವೆನಿಸದಿರುವುದೇ ವಿಚಿತ್ರ. ಹೊಸಬರ ಅಂಜಿಕೆಯನ್ನು ಅವರವರ ಪುಕ್ಕಲುತನವೆಂದು ತಳ್ಳಿಹಾಕುವುದು ಸುಲಭ. ಊರು ನೂರೈವತ್ತು ವರ್ಷಗಳಿಂದ ತನ್ನ ನೀರಿನ ಜೊತೆ ನಡೆದುಕೊಂಡ ರೀತಿಯಿಂದ ಬಂದದ್ದೆಂದು ನೋಡಿದರೆ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ವಾದ.

ದೂರದ ಟ್ರಯಥ್ಲಾನ್ ಹುಟ್ಟಿದ ಬಗೆಯೇ ಇದಕ್ಕೆ ಮೊದಲ ಸಾಕ್ಷಿ. 1978ರ ಫೆಬ್ರವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ ಹದಿನೈದು ಜನ ಹೊರಟರು, ಹನ್ನೆರಡು ಜನ ಮುಗಿಸಿದರು. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಹೊಸದಾಗಿ ಏನನ್ನೂ ಕಟ್ಟಲಿಲ್ಲ. ವೈಕಿಕಿಯ ಕಡಲ ಈಜು, ದ್ವೀಪ ಸುತ್ತುವ ಸೈಕಲ್ ಪಂದ್ಯ, ಹೊನೊಲುಲು ಮ್ಯಾರಥಾನ್ ಮೂರೂ ಅಲ್ಲಿ ಮೊದಲೇ ಇದ್ದವು. ಅವನ್ನು ಒಂದೇ ದಿನಕ್ಕೆ ಪೋಣಿಸಿದ, ಅಷ್ಟೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ ಎಂಬ ಲೆಕ್ಕ ನಿಂತದ್ದು ಹಾಗೆ. ಅಂದರೆ ದೂರದ ಟ್ರಯಥ್ಲಾನ್ ಎಂಬುದು ಒಂದು ಊರಿನ ಮೂರು ರೂಢಿಗಳ ಮೊತ್ತ. ನಮ್ಮಲ್ಲಿ ದೂರದ ಪಂದ್ಯಕ್ಕೆ ಮೊದಲ ಸಲ ಇಳಿಯುವವರು ಸಾಮಾನ್ಯವಾಗಿ ಇದರ ಅರ್ಧವನ್ನು, ಅಂದರೆ 1.9, 90 ಮತ್ತು 21.1 ಕಿ.ಮೀ.ಗಳನ್ನು ಆರಿಸಿಕೊಳ್ಳುತ್ತಾರೆ. ಮರ್ಫಿ ಟೌನಿನಿಂದ ಅಳೆದರೆ, ಸೈಕಲ್ಲಿನ 90 ಕಿ.ಮೀ. ಎಂದರೆ ಕೆ.ಆರ್. ಪುರ, ಹೊಸಕೋಟೆ, ಕೋಲಾರ ದಾಟಿ ಹೆಚ್ಚುಕಡಿಮೆ ಮುಳಬಾಗಿಲು ಮುಟ್ಟಿದಂತೆ. ಓಟ ಹೊಸಕೋಟೆಯ ಆಸುಪಾಸಿಗೆ ಮುಗಿಯುತ್ತದೆ. ಈಜು ಮಾತ್ರ ಹಲಸೂರು ಕೆರೆಯನ್ನು ಒಂದು ಸುತ್ತು ಹಾಕಿದಷ್ಟೂ ಆಗುವುದಿಲ್ಲ. ದೂರದಲ್ಲಿ ಅದೇ ಅತಿ ಚಿಕ್ಕದು, ಭಯದಲ್ಲಿ ಅದೇ ದೊಡ್ಡದು.

ಸೈಕಲ್ ಈ ಭಾಗದವರಿಗೆ ಹೊಸತಲ್ಲ. ಮರ್ಫಿ ಟೌನ್ ಮೊದಲು ನಾಕ್ಸ್‌ಪೇಟೆಯಾಗಿತ್ತು. ದಂಡು ಪ್ರದೇಶದ ಆಡಳಿತ ಬಡ ದುಡಿಮೆಗಾರರಿಗಾಗಿ ಕಟ್ಟಿಸಿದ ಬಡಾವಣೆ, ಆಮೇಲೆ ಎಂಜಿನಿಯರ್ ಮರ್ಫಿಯ ಹೆಸರು ಹೊತ್ತಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಅನಂತರ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಗಳು ಬಂದ ಮೇಲೆ ಹಲಸೂರಿನಿಂದ ಪೂರ್ವಕ್ಕಿದ್ದ ರಸ್ತೆಗಳು ಪಾಳಿಯ ಹೊತ್ತಿಗೆ ಸೈಕಲ್ ರಸ್ತೆಗಳಾದವು. ಇಂದು ಲಕ್ಷ ರೂಪಾಯಿಯ ಕಾರ್ಬನ್ ಸೈಕಲ್ ಏರಿ ನಸುಕಿನಲ್ಲಿ ಹೊಸಕೋಟೆ ಕಡೆ ಹೊರಡುವವರು ತಿಳಿದೋ ತಿಳಿಯದೆಯೋ ಆ ಕಾರ್ಮಿಕರ ದಾರಿಯನ್ನೇ ತುಳಿಯುತ್ತಿರುತ್ತಾರೆ.

ನೀರಿನ ಕತೆ ಬೇರೆ. 1809ರಲ್ಲಿ ಬ್ರಿಟಿಷರ ದಂಡು ನೆಲೆಯೂರಿದಾಗ ಹಲಸೂರಿನಂಥ ಕೆರೆಗಳೇ ಅದಕ್ಕೆ ನೀರಿನ ಆಸರೆ. ಜನ ಹೆಚ್ಚಿದಂತೆ ಮಿಲ್ಲರ್ಸ್ ಕೆರೆ, 1882ರಲ್ಲಿ ಸ್ಯಾಂಕಿ ಕೆರೆ ಸೇರಿಕೊಂಡವು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದು ಬಂದಾಗ ಊರೊಳಗಿನ ಕೆರೆಗಳು ನಿರುದ್ಯೋಗಿಗಳಾದವು. ನಿರುದ್ಯೋಗಿ ಕೆರೆ ಸರ್ಕಾರದ ಕಣ್ಣಿಗೆ ಖಾಲಿ ಸೈಟಿನಂತೆ ಕಾಣಿಸುತ್ತದೆ. ಆದರೆ ಆ ಸೈಟುಗಳ ಮೇಲೆ ಎದ್ದದ್ದೇನೆಂದು ನೋಡಿ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಕ್ರೀಡಾಂಗಣ. ಇಂದಿರಾನಗರದ ಬದಿಯ ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದವರಿಗಾಗಿ ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಸಮುಚ್ಚಯ ಎದ್ದಿತು. ಬಸ್ ನಿಲ್ದಾಣಕ್ಕೂ ಬಡಾವಣೆಗೂ ಹೋದ ಕೆರೆಗಳು ಇನ್ನೂ ಹಲವಿವೆ, ನಿಜ. ಆದರೂ ಕ್ರೀಡೆಯ ಹೆಸರಿನಲ್ಲೇ ಇಷ್ಟು ಕೆರೆ ನುಂಗಿದ ಊರು ಅಪರೂಪ. ಓಡುವ ಟ್ರ್ಯಾಕಿಗಾಗಿ ಈಜುವ ನೀರನ್ನು ಬಿಟ್ಟುಕೊಟ್ಟ ನಗರದಲ್ಲಿ ಓಟಗಾರರು ಹೆಚ್ಚಿ ಈಜುಗಾರರು ವಿರಳವಾದರೆ ಅಚ್ಚರಿಯೇನು?

ಕೆರೆ ಯಾವತ್ತೂ ಈಜಿನ ಜಾಗವಾಗಿರಲಿಲ್ಲ, ಗದ್ದೆಗೆ ನೀರು ಬಿಡಲು, ದನ ತೊಳೆಯಲು, ಬಟ್ಟೆ ಒಗೆಯಲು ಕಟ್ಟಿದ್ದು ಎಂಬ ಆಕ್ಷೇಪ ಸರಿಯಾದದ್ದೇ. ಈಜನ್ನು ಪಂದ್ಯವಾಗಿ ನಮ್ಮ ಹಳ್ಳಿಗಳು ಕಂಡಿರಲಿಲ್ಲ. ಆದರೆ ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿಸಿಕೊಂಡು ಬಾವಿಯಲ್ಲೋ ಕೆರೆಯಲ್ಲೋ ಮಕ್ಕಳು ಈಜು ಕಲಿಯುವುದು ಕನ್ನಡ ನಾಡಿನ ಸಾಮಾನ್ಯ ಸಂಗತಿಯಾಗಿತ್ತು. ಆ ನೀರು ಎಲ್ಲರದ್ದೂ ಆಗಿತ್ತೆಂದು ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ದಲಿತರಿಗೆ ಊರ ಬಾವಿಯ ಕಟ್ಟೆ ಹತ್ತಲೂ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಈಜು ಕಲಿಸಿದ ಮನೆಗಳು ಕಡಿಮೆ. ಹಾಗಾಗಿ ಹಳೆಯ ಕಾಲಕ್ಕೆ ಮರಳಬೇಕೆಂಬ ಹಂಬಲಕ್ಕೆ ಇಲ್ಲಿ ಜಾಗವಿಲ್ಲ. ಒಂದು ಕಡೆ ಮಾತ್ರ ನೀರಿನ ನಂಟು ಕಸುಬಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದಿಂದ ಹಲಸೂರು ಕೆರೆಯ ಬಳಿ ಬೀಡುಬಿಟ್ಟಿರುವ ಮದ್ರಾಸ್ ಸ್ಯಾಪರ್ಸ್ ಪಡೆಗೆ ಹೊಳೆ ದಾಟುವುದು, ಸೇತುವೆ ಹಾಕುವುದು ದಿನನಿತ್ಯದ ವಿದ್ಯೆ. 2019ರ ಅಕ್ಟೋಬರ್ 20ರಂದು ಗೋವಾದ ಮಿರಾಮಾರ್ ಕಡಲಲ್ಲಿ ಭಾರತದ ಮೊದಲ ಐರನ್‌ಮ್ಯಾನ್ 70.3, ಅಂದರೆ ಮೇಲೆ ಹೇಳಿದ ಅರ್ಧ ದೂರದ ಪಂದ್ಯ, ನಡೆದಾಗ ಗೆದ್ದ ಬಿಶ್ವರ್ಜಿತ್ ಸಿಂಗ್ ಸೇನೆಗಳ ತಂಡವಾದ ಸರ್ವಿಸಸ್‌ನವರೇ. ಸೈನಿಕನಿಗೆ ಈಜು ಕಲಿಸುವ ಹೊಣೆ ಸೇನೆಯದು. ನಾಗರಿಕನಿಗೆ ಕಲಿಸುವ ಹೊಣೆ ಯಾರದೂ ಅಲ್ಲ.

ಕೊಳಗಳು ಈಜನ್ನು ಬೆಳೆಸಲಿಲ್ಲವೇ ಎಂಬುದು ಇನ್ನೊಂದು, ಹೆಚ್ಚು ಗಟ್ಟಿಯಾದ ಪ್ರಶ್ನೆ. ಬೆಳೆಸಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲ್ಲೆಟ್, ಟೋಕಿಯೊ ಮತ್ತು ಪ್ಯಾರಿಸ್‌ಗೆ ಶ್ರೀಹರಿ ನಟರಾಜ್, ಹದಿನಾಲ್ಕರ ವಯಸ್ಸಿಗೇ ಪ್ಯಾರಿಸ್‌ಗೆ ಧಿನಿಧಿ ದೇಸಿಂಗು ಹೋದದ್ದು ಈ ಊರಿನ ಕೊಳಗಳಿಂದಲೇ. ಆದರೆ ಅದು ಎಳವೆಯಲ್ಲೇ ನೀರಿಗಿಳಿದು ದಿನಕ್ಕೆರಡು ಹೊತ್ತು ತರಬೇತಿ ಪಡೆದ ಕೆಲವರ ಕತೆ. ಮೂವತ್ತೈದು ದಾಟಿ ಕೈಕಾಲು ಬಡಿಯಲು ಶುರುಮಾಡಿದವರ ಪಾಡು ಬೇರೆ. ಐವತ್ತು ಮೀಟರಿನ ಕೊಳವನ್ನು ಅವರು 38 ಸಲ ದಾಟಿದರೂ, ಕಡಲಿಗಿಳಿದಾಗ ತಳದಲ್ಲಿ ದಾರಿ ತೋರುವ ಕಪ್ಪು ಗೆರೆ ಇರುವುದಿಲ್ಲ, ಹಿಡಿದುಕೊಳ್ಳಲು ಅಂಚಿರುವುದಿಲ್ಲ, ಅಲೆಯ ನಡುವೆ ತಲೆಯೆತ್ತಿ ತೇಲುಗುರುತನ್ನು ಹುಡುಕಬೇಕು, ಪಕ್ಕದವರ ಒದೆಯನ್ನೂ ತಾಳಬೇಕು. ಇದೆಲ್ಲ 1 ಗಂಟೆ 10 ನಿಮಿಷದೊಳಗೆ ಮುಗಿಯದಿದ್ದರೆ ಸೈಕಲ್ ಮುಟ್ಟುವಂತೆಯೇ ಇಲ್ಲ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇದೇ ಪಂದ್ಯ ಮುಗಿಸಿದ್ದು ಸುದ್ದಿಯಾಯಿತು. ಅದಕ್ಕೆ ಅವರೂ ಗೋವಾಕ್ಕೇ ಹೋಗಬೇಕಾಯಿತು.

ಕೊನೆಗೆ ಉಳಿಯುವುದು, ಈ ಕೊಳಕು ನೀರಿಗೆ ಯಾರನ್ನಾದರೂ ಇಳಿಸುವುದುಂಟೇ ಎಂಬ ಮಾತು. ಖಂಡಿತ ಇಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಮೀನು ಬದುಕದ ನೀರಿನಲ್ಲಿ ಮನುಷ್ಯರಿಗೇನು ಕೆಲಸ? ಈಜಬಾರದೆಂಬ ಕಟ್ಟುನಿಟ್ಟು ಇಂದಿನ ಮಟ್ಟಿಗೆ ನ್ಯಾಯವೇ. ಆದರೆ ಚರಂಡಿ ನೀರನ್ನು ಕೆರೆಗೆ ಹರಿಯಬಿಟ್ಟು, ಆಮೇಲೆ ಕೆರೆಯೇ ಅಪಾಯವೆನ್ನುವುದು ಕಾರಣವನ್ನು ಮರೆಸುವ ಮಾತು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಈಜನ್ನು 1923ರಲ್ಲೇ ನಿಷೇಧಿಸಿದ್ದರು. 2024ರ ಒಲಿಂಪಿಕ್ಸ್ ಟ್ರಯಥ್ಲಾನ್ ಅಲ್ಲೇ ನಡೆಯಿತು, ಮಳೆಯಿಂದ ನೀರು ಕೆಟ್ಟದ್ದಕ್ಕೆ ಗಂಡಸರ ಪಂದ್ಯ ಒಂದು ದಿನ ಮುಂದಕ್ಕೆ ಹೋದರೂ ನಡೆಯಿತು. ಮರುವರ್ಷ ಸಾಮಾನ್ಯ ಜನರಿಗೂ ನದಿ ತೆರೆಯಿತು. ನೂರು ಕೋಟಿ ಯೂರೊ ಮೀರಿದ ಆ ಖರ್ಚನ್ನು ನಾವು ಮಾಡಲಾರೆವೆಂದು ಹೇಳುವವರಿಗೆ ಒಂದು ಮಾತು: ಹಲಸೂರು ಕೆರೆ ನದಿಯಲ್ಲ, ಅದಕ್ಕೆ ಸೇರುವ ಕಾಲುವೆಗಳು ಯಾವುವೆಂಬುದು ಗುಟ್ಟೂ ಅಲ್ಲ. ಕೆರೆ ಉಳಿಸುವ ಸಭೆಗಳಿಗೆ ಹಕ್ಕಿ ನೋಡುವವರು ಬರುತ್ತಾರೆ, ವಾಯುವಿಹಾರಿಗಳು ಬರುತ್ತಾರೆ, ಮೀನು ಹಿಡಿಯುವವರು ಬರುತ್ತಾರೆ. ಟ್ರಯಥ್ಲಾನ್‌ಗೆ ಸಾವಿರಾರು ರೂಪಾಯಿ ಕಟ್ಟುವ ಬೆಂಗಳೂರಿನ ಈಜುಗಾರರೂ ಅಲ್ಲಿಗೆ ಬಂದು ಕೆರೆಯ ನೀರಿನ ಲೆಕ್ಕ ಕೇಳಲಿ.