ಮರಕ್ಕೂ ಹೊಲಕ್ಕೂ ಮತವುಂಟೇ?

1965ರ ಆಗಸ್ಟ್ ತಿಂಗಳ ಮೊದಲ ವಾರ. ಅಮೆರಿಕದ ಸೆನೆಟ್ ಮುಂದೆ ಒಂದು ನಿರುಪದ್ರವಿ ಗೊತ್ತುವಳಿ ಇತ್ತು. ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್ ನಡೆಸುವ ಹುಡುಗರ ಬೇಸ್‌ಬಾಲ್ ಪಂದ್ಯಗಳ ಗೌರವಾರ್ಥ ಒಂದು ವಾರವನ್ನು ಮೀಸಲಿಡಬೇಕೆಂಬುದು ಅದರ ಸಾರ. ಯಾರೂ ಬೇಡವೆನ್ನುವ ವಿಷಯವಲ್ಲ. ಆದರೆ ರಿಪಬ್ಲಿಕನ್ ಪಕ್ಷದ ನಾಯಕ, ಇಲಿನಾಯ್ ರಾಜ್ಯದ ಎವರೆಟ್ ಡರ್ಕ್ಸೆನ್ ಆ ಗೊತ್ತುವಳಿಯ ಒಡಲನ್ನೇ ತೆಗೆದು, ಸಮಿತಿಯಲ್ಲಿ ಸಿಕ್ಕಿಕೊಂಡಿದ್ದ ತಮ್ಮ ಸಂವಿಧಾನ ತಿದ್ದುಪಡಿಯನ್ನು ಅದರೊಳಗೆ ಕೂರಿಸಿದರು. ಆಗಸ್ಟ್ 4ರಂದು ಮತಕ್ಕೆ ಹಾಕಿದಾಗ ಪರವಾಗಿ 57, ವಿರುದ್ಧವಾಗಿ 39 ಮತಗಳು ಬಂದವು. ಬೇಕಿದ್ದುದು ಮೂರನೆಯ ಎರಡರಷ್ಟು. ಏಳು ಮತಗಳ ಕೊರತೆಯಿಂದ ಅಮೆರಿಕದ ರಾಜ್ಯ ಸರ್ಕಾರಗಳ ಸ್ವರೂಪ ಬದಲಾಗುವುದು ತಪ್ಪಿತು.

ತಿದ್ದುಪಡಿಯ ತಿರುಳು ಸರಳವಾಗಿತ್ತು. ರಾಜ್ಯದ ಶಾಸನಸಭೆಗೆ ಎರಡು ಸದನಗಳಿದ್ದರೆ ಒಂದನ್ನು ಜನಸಂಖ್ಯೆಯ ಆಧಾರದ ಮೇಲೆ ರಚಿಸಲಿ. ಇನ್ನೊಂದನ್ನು ಭೂಪ್ರದೇಶ, ಸ್ಥಳೀಯ ಗಡಿ ಮುಂತಾದವುಗಳನ್ನೂ ನೋಡಿಕೊಂಡು ರಚಿಸಲು ಅವಕಾಶವಿರಲಿ. ಆದರೆ ಅದಕ್ಕೆ ಆ ರಾಜ್ಯದ ಮತದಾರರ ಒಪ್ಪಿಗೆ ಇರಲಿ. ಇದು ಅಂದಿನ ಸಂಪ್ರದಾಯವಾದಿಗಳ ಬಹುದೊಡ್ಡ ಬೇಡಿಕೆ. ಇಷ್ಟೊಂದು ಹಟ ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮಲ್ಲಿ ಕ್ಷೇತ್ರಗಳ ಗಡಿ ಗುರುತಿಸುವುದು ಪ್ರತ್ಯೇಕ ಆಯೋಗದ ಕೆಲಸ. ಅಮೆರಿಕದಲ್ಲಿ ಬಹುಮಟ್ಟಿಗೆ ಆ ಕೆಲಸ ಶಾಸಕರದೇ. ಇಪ್ಪತ್ತನೆಯ ಶತಮಾನದಲ್ಲಿ ಜನ ಹೊಲ ಬಿಟ್ಟು ನಗರಕ್ಕೆ ನಡೆದರು. ಆದರೆ ಶಾಸನಸಭೆಯ ಸ್ಥಾನಗಳು ಹಳ್ಳಿಯಲ್ಲೇ ಉಳಿದವು. ತನ್ನ ಕುರ್ಚಿಯನ್ನು ತಾನೇ ಕಿತ್ತುಹಾಕಲು ಯಾವ ಶಾಸಕ ಕೈ ಎತ್ತುತ್ತಾನೆ? ಟೆನೆಸಿ ರಾಜ್ಯ 1901ರಲ್ಲಿ ಹಂಚಿದ ಸ್ಥಾನಗಳನ್ನು ಆರು ದಶಕ ಮುಟ್ಟಲೇ ಇಲ್ಲ. ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ಕೌಂಟಿಯಲ್ಲಿ 60 ಲಕ್ಷ ಜನ. ಅವರಿಗೆ ರಾಜ್ಯ ಸೆನೆಟ್‌ನಲ್ಲಿ ಒಬ್ಬ ಸದಸ್ಯ. ಬೆಟ್ಟದ ಸೀಮೆಯ ಮೂರು ಕೌಂಟಿಗಳ ಸುಮಾರು 14 ಸಾವಿರ ಜನರಿಗೂ ಒಬ್ಬ ಸದಸ್ಯ. ಅಲಬಾಮದಲ್ಲಿ ಬರ್ಮಿಂಗ್‌ಹ್ಯಾಮ್ ನಗರವಿರುವ ಜೆಫರ್ಸನ್ ಕೌಂಟಿಯ ಆರು ಲಕ್ಷಕ್ಕೂ ಮೀರಿದ ಜನರಿಗೆ ಒಬ್ಬ ಸೆನೆಟರ್, ಲೌಂಡ್ಸ್ ಕೌಂಟಿಯ 15,417 ಜನರಿಗೂ ಒಬ್ಬ.

ಈ ದೂರು ಸುಪ್ರೀಂ ಕೋರ್ಟಿನ ಮುಂದೆ ಮೊದಲೂ ಹೋಗಿತ್ತು. 1946ರಲ್ಲಿ ಇಲಿನಾಯ್‌ನಿಂದ ಬಂದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಇದು ರಾಜಕೀಯದ ಮುಳ್ಳುಪೊದೆ, ನ್ಯಾಯಾಲಯ ಇದರೊಳಗೆ ಕಾಲಿಡಬಾರದು ಎಂದಿದ್ದರು. 1962ರಲ್ಲಿ ಟೆನೆಸಿಯ ಮೊಕದ್ದಮೆ ಬಂದಾಗ ನ್ಯಾಯಾಲಯ ಕಾಲಿಟ್ಟಿತು. ಮರುವರ್ಷ ಜಾರ್ಜಿಯ ರಾಜ್ಯದ ‘ಕೌಂಟಿ ಯೂನಿಟ್’ ಪದ್ಧತಿ ಬಿದ್ದುಹೋಯಿತು. ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ತಲೆಯ ಬದಲು ಕೌಂಟಿಗಳನ್ನು ಎಣಿಸುತ್ತಿದ್ದ ಪದ್ಧತಿ ಅದು. 1964ರ ಜೂನ್ 15ರಂದು ಅಲಬಾಮದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್, ರಾಜ್ಯ ಶಾಸನಸಭೆಯ ಎರಡೂ ಸದನಗಳಲ್ಲಿ ಕ್ಷೇತ್ರಗಳ ಜನಸಂಖ್ಯೆ ಆದಷ್ಟೂ ಸಮನಾಗಿರಬೇಕೆಂದು ತೀರ್ಪಿತ್ತರು. ಶಾಸಕರು ಜನರನ್ನು ಪ್ರತಿನಿಧಿಸುತ್ತಾರೆ, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂಬ ಅವರ ಮಾತು ಅಂದಿನಿಂದ ಮನೆಮಾತಾಯಿತು.

ಸ್ವಾರಸ್ಯದ ಸಂಗತಿಯೆಂದರೆ ಇದೇ ವಾರನ್ 1948ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಆಗಿದ್ದಾಗ, ಲಾಸ್ ಏಂಜಲೀಸಿಗೆ ಹೆಚ್ಚು ಸ್ಥಾನ ಕೊಡುವ ಪ್ರಸ್ತಾವವನ್ನು ವಿರೋಧಿಸಿದ್ದರು. ಸಣ್ಣ ಕೌಂಟಿಗಳ ಮಹತ್ವ ಅವುಗಳ ಜನಸಂಖ್ಯೆಗಿಂತ ದೊಡ್ಡದು ಎಂಬುದು ಆಗ ಅವರ ವಾದ. ಗವರ್ನರ್ ಆಗಿ ತಾವು ತಪ್ಪಿದ್ದೆವೆಂದು ಮುಂದೆ ಅವರೇ ಒಪ್ಪಿಕೊಂಡರು.

ಸಂಪ್ರದಾಯವಾದಿಗಳು ಸುಮ್ಮನಿರಲಿಲ್ಲ. 1962ರ ಡಿಸೆಂಬರಿನಲ್ಲೇ ರಾಜ್ಯ ಸರ್ಕಾರಗಳ ಪ್ರತಿನಿಧಿಗಳ ಸಭೆಯೊಂದು ಮೂರು ತಿದ್ದುಪಡಿಗಳನ್ನು ಮುಂದಿಟ್ಟಿತ್ತು. ಅವುಗಳಲ್ಲೊಂದು, ಐವತ್ತು ರಾಜ್ಯಗಳ ಮುಖ್ಯ ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಸುಪ್ರೀಂ ಕೋರ್ಟಿನ ತೀರ್ಪನ್ನೇ ಪರಿಶೀಲಿಸುವ ‘ಒಕ್ಕೂಟದ ನ್ಯಾಯಾಲಯ’. ಆ ಕಲ್ಪನೆಯನ್ನು ಹೆಚ್ಚು ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಡರ್ಕ್ಸೆನ್ ಅವರ ಪ್ರಸ್ತಾವ ಹಾಗಲ್ಲ, ಅದರಲ್ಲಿ ತೂಕವಿತ್ತು.

ಅವರ ವಾದದ ಒಂದು ಕಾಲು ವಾಷಿಂಗ್ಟನ್ನಿನಲ್ಲಿತ್ತು. ದೊಡ್ಡದಿರಲಿ ಸಣ್ಣದಿರಲಿ, ಪ್ರತಿ ರಾಜ್ಯಕ್ಕೂ ಇಬ್ಬರು ಸದಸ್ಯರಿರುವುದು ಅಮೆರಿಕದ ಸೆನೆಟ್. (ನಮ್ಮ ರಾಜ್ಯಸಭೆ ಹಾಗಲ್ಲ, ಉತ್ತರ ಪ್ರದೇಶಕ್ಕೆ 31 ಸ್ಥಾನವಾದರೆ ಕರ್ನಾಟಕಕ್ಕೆ 12.) ರಾಷ್ಟ್ರಕ್ಕೆ ಒಪ್ಪುವ ಏರ್ಪಾಡು ರಾಜ್ಯಕ್ಕೇಕೆ ಒಪ್ಪದು ಎಂಬುದು ಪ್ರಶ್ನೆ. ವಾರನ್ ಕೊಟ್ಟ ಉತ್ತರ ಇಷ್ಟು: ರಾಜ್ಯಗಳು ತಮ್ಮ ಸಾರ್ವಭೌಮತ್ವದ ಒಂದು ಪಾಲನ್ನು ಬಿಟ್ಟುಕೊಟ್ಟು ಒಕ್ಕೂಟ ಕಟ್ಟಿದವು, ಕೌಂಟಿಗಳು ಎಂದೂ ಸಾರ್ವಭೌಮವಾಗಿರಲಿಲ್ಲ, ಅವು ರಾಜ್ಯದ ಆಡಳಿತಕ್ಕಾಗಿ ರಾಜ್ಯವೇ ಮಾಡಿಕೊಂಡ ಭಾಗಗಳು. ಈ ಉತ್ತರ ಗಟ್ಟಿಯಾದದ್ದೇ.

ಆದರೆ ಇನ್ನೊಂದು ಕಾಲಿಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ. 1962ರಲ್ಲಿ ಕೊಲರಾಡೋ ರಾಜ್ಯದ ಮತದಾರರ ಮುಂದೆ ಎರಡು ಯೋಜನೆಗಳಿದ್ದವು. ಎರಡೂ ಸದನಗಳನ್ನು ಜನಸಂಖ್ಯೆಗೇ ಕಟ್ಟಿಹಾಕುವ ಯೋಜನೆಯನ್ನು ಅವರು ತಿರಸ್ಕರಿಸಿದರು. ಸೆನೆಟ್‌ನಲ್ಲಿ ಭೌಗೋಳಿಕ ಪ್ರದೇಶಕ್ಕೂ ಬೆಲೆ ಕೊಡುವ ಯೋಜನೆಗೆ 3,05,700 ಮತ ಬಿದ್ದವು, ವಿರುದ್ಧ 1,72,725. ಗೆದ್ದದ್ದು ಪ್ರತಿಯೊಂದು ಕೌಂಟಿಯಲ್ಲೂ, ಡೆನ್ವರ್ ನಗರದಲ್ಲಿ ಕೂಡ. ನಗರದವರೇ ಹಳ್ಳಿಯವರಿಗೆ ಒಂದಿಷ್ಟು ಹೆಚ್ಚು ಪಾಲು ಕೊಡಲು ಒಪ್ಪಿದ್ದರು! ಅದನ್ನೂ ನ್ಯಾಯಾಲಯ ಅಲಬಾಮದ ತೀರ್ಪಿನ ದಿನವೇ ಹೊಡೆದುಹಾಕಿತು. ವ್ಯಕ್ತಿಯ ಮತದ ಹಕ್ಕನ್ನು ಬಹುಮತವೂ ಕಸಿಯುವಂತಿಲ್ಲ ಎಂಬುದು ಕಾರಣ. ಡರ್ಕ್ಸೆನ್ ತಿದ್ದುಪಡಿಯಲ್ಲಿ ಮತದಾರರ ಒಪ್ಪಿಗೆಯ ಷರತ್ತು ಇದ್ದುದನ್ನು ಇದರ ಬೆಳಕಿನಲ್ಲಿ ನೋಡಬೇಕು. ಕೊಲರಾಡೋ ಒಂದೇ ಉದಾಹರಣೆಯಾಗಿದ್ದಿದ್ದರೆ ಅವರ ವಾದ ಗೆಲ್ಲುತ್ತಿತ್ತೋ ಏನೋ.

ಉದಾಹರಣೆಗಳು ಬೇರೆಯೂ ಇದ್ದವು. ಲೌಂಡ್ಸ್ ಕೌಂಟಿಯ ಜನರಲ್ಲಿ ಸುಮಾರು ಶೇ 80 ಮಂದಿ ಕಪ್ಪು ವರ್ಣೀಯರು. 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಅಂದರೆ ಅಲ್ಲಿ ಹೆಚ್ಚಿನ ತೂಕ ಸಿಕ್ಕಿದ್ದು ಮಣ್ಣಿಗೂ ಅಲ್ಲ, ಮಣ್ಣಿನಲ್ಲಿ ದುಡಿಯುವವನಿಗೂ ಅಲ್ಲ. ಬೆರಳೆಣಿಕೆಯ ಬಿಳಿಯ ಜಮೀನ್ದಾರರಿಗೆ. ಡರ್ಕ್ಸೆನ್ ಅವರನ್ನು ವರ್ಣದ್ವೇಷಿ ಎನ್ನಲಾಗದು. 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ಸೆನೆಟ್‌ನಲ್ಲಿ ದಾರಿ ಬಿಡಿಸಿದವರಲ್ಲಿ ಅವರೇ ಪ್ರಮುಖರು. ಅವರ ಭಯ ಬೇರೆ: ಷಿಕಾಗೋ. ಇಲಿನಾಯ್ ರಾಜ್ಯದ ಅರ್ಧಕ್ಕಿಂತ ತುಸು ಹೆಚ್ಚು ಜನ ಷಿಕಾಗೋ ಇರುವ ಕುಕ್ ಕೌಂಟಿಯೊಂದರಲ್ಲೇ ಇದ್ದರು. ಪೆಕಿನ್ ಎಂಬ ಸಣ್ಣ ಊರಿನಿಂದ ಬಂದ ಡರ್ಕ್ಸೆನ್‌ಗೆ, ಇಡೀ ರಾಜ್ಯ ಆ ನಗರದ ಡೆಮಾಕ್ರಟಿಕ್ ಪಕ್ಷದ ಯಂತ್ರದ ಕೈಗೆ ಹೋಗುವುದು ಸಹಿಸಲಾಗದ ಸಂಗತಿ. ಅವರ ಬೆಂಬಲಕ್ಕೆ ನಿಂತ ದಕ್ಷಿಣದ ಸೆನೆಟರುಗಳ ಭಯ ಮಾತ್ರ ಲೌಂಡ್ಸ್‌ನದು.

ಡರ್ಕ್ಸೆನ್ ಅವರ ತವರಿನಲ್ಲೇ 1964ರಲ್ಲಿ ಒಂದು ಪ್ರಹಸನ ನಡೆಯಿತು. ಕ್ಷೇತ್ರ ವಿಂಗಡಣೆಯ ಬಗ್ಗೆ ಒಮ್ಮತ ಬಾರದೆ, ಇಲಿನಾಯ್ ಕೆಳಮನೆಯ ಎಲ್ಲ 177 ಸದಸ್ಯರನ್ನೂ ಇಡೀ ರಾಜ್ಯವನ್ನೇ ಒಂದು ಕ್ಷೇತ್ರ ಮಾಡಿ ಆರಿಸಬೇಕಾಯಿತು. ಎರಡೂ ಪಕ್ಷಗಳು ತಲಾ 118 ಹೆಸರು ಕೊಟ್ಟವು. ಮತಪತ್ರದ ಉದ್ದ 33 ಅಂಗುಲ! ಜನ ಅದನ್ನು ಹಾಸಿಗೆಯ ಹೊದಿಕೆಗೆ ಹೋಲಿಸಿದರು. ಡೆಮಾಕ್ರಟರ 118 ಮಂದಿಯೂ ಗೆದ್ದರು.

1966ರ ಏಪ್ರಿಲ್‌ನಲ್ಲಿ ತಿದ್ದುಪಡಿ ಮತ್ತೆ ಸೆನೆಟ್ ಮುಂದೆ ಬಂತು: 55-38. ಮತ್ತೆ ಏಳರ ಕೊರತೆ. ಆಗ ಉಳಿದದ್ದು ಎಂದೂ ಬಳಸದ ಒಂದು ದಾರಿ. ಮೂರನೆಯ ಎರಡರಷ್ಟು ರಾಜ್ಯಗಳು, ಎಂದರೆ 34 ರಾಜ್ಯಗಳು ಕೇಳಿದರೆ ಸಂಸತ್ತು ಸಂವಿಧಾನ ಸಮಾವೇಶವನ್ನು ಕರೆಯಲೇಬೇಕು. ಸದ್ದಿಲ್ಲದೆ ಒಂದೊಂದೇ ಶಾಸನಸಭೆಯ ಅರ್ಜಿ ಸೇರುತ್ತಾ ಹೋಯಿತು. 1967ರ ಮಾರ್ಚ್‌ನಲ್ಲಿ ಪತ್ರಿಕೆಯೊಂದು ಲೆಕ್ಕ ಹಾಕಿ 32 ರಾಜ್ಯಗಳಾಗಿವೆ ಎಂದು ಬರೆದಾಗ ವಾಷಿಂಗ್ಟನ್ ಬೆಚ್ಚಿಬಿದ್ದಿತು. 1969ರ ಹೊತ್ತಿಗೆ ಎಣಿಕೆ 33. ಇನ್ನೊಂದೇ ಒಂದು ಸಾಕಿತ್ತು.

ಆ ಒಂದು ಬರಲಿಲ್ಲ. ಅರ್ಜಿ ಕಳಿಸಿದ ಶಾಸನಸಭೆಗಳಲ್ಲಿ ಅನೇಕವು ಹಳೆಯ ಲೆಕ್ಕದಲ್ಲಿ ಆರಿಸಿ ಬಂದಂಥವು. ಅಷ್ಟರಲ್ಲಿ ತೀರ್ಪು ರಾಜ್ಯದಿಂದ ರಾಜ್ಯಕ್ಕೆ ಜಾರಿಯಾಗುತ್ತಿತ್ತು. ಹೊಸ ಕ್ಷೇತ್ರಗಳಿಂದ ಬಂದ ಶಾಸಕರಿಗೆ ಹಳೆಯದನ್ನು ಮರಳಿ ತರುವ ಆಸೆ ಏಕಿದ್ದೀತು? ಅಂದು ಕುರ್ಚಿಯ ಮೋಹ ಸುಧಾರಣೆಯನ್ನು ತಡೆದಂತೆ, ಈಗ ಅದೇ ಮೋಹ ಸುಧಾರಣೆಯನ್ನು ಕಾಯ್ದಿತು. 1969ರ ಸೆಪ್ಟೆಂಬರ್ 7ರಂದು ಡರ್ಕ್ಸೆನ್ ತೀರಿಕೊಂಡರು. ಚಳವಳಿಯೂ ಅಲ್ಲಿಗೆ ಮುಗಿಯಿತು. ಷಿಕಾಗೋದಂಥ ನಗರಗಳು ರಾಜ್ಯಗಳನ್ನು ನುಂಗಲಿಲ್ಲ. ಹೆಚ್ಚು ಲಾಭವಾದದ್ದು ನಗರದ ಸುತ್ತ ಬೆಳೆದ ಉಪನಗರಗಳಿಗೆ, ಅವುಗಳಲ್ಲಿ ಎಷ್ಟೋ ರಿಪಬ್ಲಿಕನ್ನರವೇ.

ಸ್ಥಳೀಯ ಚುನಾವಣೆಗಳಿಗೂ ಈ ಸೂತ್ರ ಬಂದದ್ದು 1968ರಲ್ಲಿ. ಟೆಕ್ಸಸ್‌ನ ಮಿಡ್ಲೆಂಡ್ ಕೌಂಟಿಯ ಆಡಳಿತ ಮಂಡಳಿಗೆ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬ ಸದಸ್ಯ. ಪಟ್ಟಣವನ್ನು ಬಹುಪಾಲು ಒಳಗೊಂಡ ವಿಭಾಗದಲ್ಲಿ 67,906 ಜನ; ಉಳಿದ ಮೂರರಲ್ಲಿ 852, 414 ಮತ್ತು 828. ಮಂಡಳಿಯ ಕೆಲಸ ಹೆಚ್ಚಾಗಿ ಹಳ್ಳಿಯ ರಸ್ತೆಗಳದು, ಹಳ್ಳಿಯವರಿಗೇ ಮಾತು ಹೆಚ್ಚಿರಲಿ ಎಂಬ ಸಮರ್ಥನೆ ಇತ್ತು. ಆದರೆ ತೆರಿಗೆ ವಿಧಿಸುವ ಅಧಿಕಾರವೂ ಅದೇ ಮಂಡಳಿಯದು. ನ್ಯಾಯಾಲಯ ಒಪ್ಪಲಿಲ್ಲ.

ಸಮ ಸಂಖ್ಯೆಯ ಕ್ಷೇತ್ರಗಳನ್ನೂ ಸೊಟ್ಟಗೆ ಕೊರೆಯಬಹುದೆಂಬುದು ಆಮೇಲೆ ಎರಡೂ ಪಕ್ಷಗಳಿಗೆ ಗೊತ್ತಾಯಿತು. ಪಕ್ಷದ ಲಾಭಕ್ಕಾಗಿ ಗಡಿ ತಿರುಚುವ ದೂರುಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಫ್ರಾಂಕ್‌ಫರ್ಟರರ ಮುಳ್ಳುಪೊದೆ ಹಲವರಿಗೆ ನೆನಪಾಗಿರಬೇಕು.

ಹಳೆಯ ಬೇಡಿಕೆ ಸತ್ತಿಲ್ಲ. 2022ರಲ್ಲಿ ಕೊಲರಾಡೋದ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಆಕಾಂಕ್ಷಿಯಾಗಿದ್ದ ಗ್ರೆಗ್ ಲೋಪೆಜ್, ಆ ಚುನಾವಣೆಯನ್ನು ಕೌಂಟಿಗಳ ಲೆಕ್ಕದಲ್ಲೇ ನಡೆಸಬೇಕೆಂದರು. 2024ರಲ್ಲಿ ಟೆಕ್ಸಸ್ ರಿಪಬ್ಲಿಕನ್ ಪಕ್ಷ, ರಾಜ್ಯಮಟ್ಟದ ಹುದ್ದೆ ಗೆಲ್ಲಲು 254 ಕೌಂಟಿಗಳಲ್ಲಿ ಬಹುಪಾಲನ್ನು ಗೆದ್ದಿರಬೇಕೆಂಬ ತಿದ್ದುಪಡಿಯನ್ನು ತನ್ನ ಕಾರ್ಯಸೂಚಿಗೆ ಸೇರಿಸಿತು. 2020ರ ಜನಗಣತಿಯಂತೆ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯ ಜನಸಂಖ್ಯೆ 47 ಲಕ್ಷ ಮೀರಿತ್ತು. ಲವಿಂಗ್ ಕೌಂಟಿಯಲ್ಲಿ ಇದ್ದವರು 64 ಜನ. ಆ ಲೆಕ್ಕದಲ್ಲಿ ಎರಡೂ ಒಂದೊಂದೇ.