ಯಾರು ಹಿಡಿದ ಮೊಲಕ್ಕೆ ಎಷ್ಟು ಕಾಲು?

"ಮಾಮಾ, ಮೊಲ ಅಂದ್ರೆ ರ್ಯಾಬಿಟ್ಟಾ, ಹೇರಾ?"

ವಾಷಿಂಗ್ಟನ್ ಡಿಸಿ ಕಡೆಯಿಂದ ಅಟ್ಲಾಂಟಾಕ್ಕೆ ಹೊರಟಿದ್ದೆವು. ಪೀಟರ್ಸ್‌ಬರ್ಗ್ ಹತ್ತಿರ ಐ-95 ಬಿಟ್ಟು ಐ-85 ಹಿಡಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಹಿಂದಿನ ಸೀಟಿನಿಂದ ಗೆಳೆಯನ ಆರು ವರ್ಷದ ಮಗಳು ಈ ಬಾಣ ಬಿಟ್ಟಳು. ಊರಿನಿಂದ ಬಂದಿದ್ದ ಅವಳ ಅಜ್ಜಿ ಆಮೆ-ಮೊಲದ ಕಥೆ ಹೇಳಿದ್ದರಂತೆ. ಸ್ಕೂಲಿನ ಪುಸ್ತಕದಲ್ಲಿ ಅದು 'ಹೇರ್', ಈಸ್ಟರ್ ಹಬ್ಬಕ್ಕೆ ಬಣ್ಣದ ಮೊಟ್ಟೆ ತರೋದು 'ರ್ಯಾಬಿಟ್', ಅಜ್ಜಿಗೆ ಮಾತ್ರ ಎರಡೂ 'ಮೊಲ'. "ಅಜ್ಜಿ ಈಸ್ ಚೀಟಿಂಗ್" ಅನ್ನೋದು ಅವಳ ತೀರ್ಪು!

"ಎರಡೂ ಒಂದೇ ಪುಟ್ಟಿ" ಅಂದುಬಿಟ್ಟೆ. ಕೋಡ್ ಬರೆದು ಬದುಕುವವನು ನಾನು, ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟರೆ ಏನಾಗುತ್ತೆ ಅಂತ ಗೊತ್ತಿದ್ದೂ ಹಾಗೆ ಹೇಳಿದ್ದು ತಪ್ಪು. ಆಮೇಲೆ ಹುಡುಕಿ ಓದಿದಾಗ ತಿಳಿದದ್ದೇ ಈ ಬರಹ.

ಮೊದಲು ಪುಟ್ಟಿಯ ಪ್ರಶ್ನೆಗೆ ಉತ್ತರ. ಹೇರ್ ಬಿಲ ತೋಡೋದಿಲ್ಲ, ಅದರ ಮರಿಗಳು ಮೈತುಂಬಾ ಕೂದಲು, ತೆರೆದ ಕಣ್ಣಿನೊಂದಿಗೇ ಹುಟ್ಟುತ್ತವೆ. ರ್ಯಾಬಿಟ್ ಮರಿಗಳು ಬೋಳು, ಕಣ್ಣು ಮುಚ್ಚಿರುತ್ತೆ. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಕಾಲಿಗೆ ಸಿಕ್ಕ ಹಾಗೆ ಆಗಿ ಪುರ್ರಂತ ಓಡಿಹೋಗುತ್ತಲ್ಲ, ಅದು ಹೇರ್. ಅಂದರೆ 'ಆರ್ ಫಾರ್ ರ್ಯಾಬಿಟ್' ಅಂತ ಕಂಠಪಾಠ ಮಾಡಿದ ನಾವೆಲ್ಲ ನಮ್ಮೂರ ಹೊಲದಲ್ಲಿ ರ್ಯಾಬಿಟ್ಟನ್ನು ನೋಡಿದವರೇ ಅಲ್ಲ! ಅಜ್ಜಿ ಮೋಸ ಮಾಡಿಲ್ಲ, ಅವರಿಗೆ ಬೇಕಾಗಿದ್ದದ್ದು ಒಂದೇ ಪದ. ಇನ್ನು ಇಂಗ್ಲಿಷಿನವರೇನೂ ಕಮ್ಮಿಯಿಲ್ಲ, ಅಮೆರಿಕದ 'ಜ್ಯಾಕ್‌ರ್ಯಾಬಿಟ್' ಅನ್ನೋದು ನಿಜಕ್ಕೂ ಹೇರ್. ಕತ್ತೆಯ ಕಿವಿಯಂಥ ಕಿವಿ ಅಂತ ಆ ಹೆಸರು ಬಿತ್ತು.

'ರ್ಯಾಬಿಟ್' ಪದದ ಕಥೆ ಇನ್ನೂ ತಮಾಷೆಯದು. ಇಂಗ್ಲೆಂಡಿನಲ್ಲಿ ಮೊದಲು ಈ ಪ್ರಾಣಿಗೆ 'ಕೋನಿ' ಅನ್ನುತ್ತಿದ್ದರು. ರ್ಯಾಬಿಟ್ ಅಂದರೆ ಕೋನಿಯ ಮರಿ ಮಾತ್ರ, ನಾಯಿಗೆ ಕುನ್ನಿ ಇದ್ದ ಹಾಗೆ. ಆಗ ಕೋನಿಯನ್ನು 'ಹನಿ', 'ಮನಿ'ಗಳ ಪ್ರಾಸಕ್ಕೆ 'ಕನಿ' ಅಂತ ಉಚ್ಚರಿಸುತ್ತಿದ್ದರು. ಅದು ಬರಬರುತ್ತಾ ಒಂದು ಕೆಟ್ಟ ಪದದ ಹಾಗೆ ಕೇಳತೊಡಗಿ, ಮರ್ಯಾದಸ್ಥರ ಬಾಯಲ್ಲಿ ಮರಿಯ ಹೆಸರೇ ದೊಡ್ಡದಕ್ಕೂ ಅಂಟಿಕೊಂಡಿತು. ಹಳೇ ಹೆಸರು ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ, ಅದೂ ಉಚ್ಚಾರ ಬದಲಾಯಿಸಿಕೊಂಡು, ಉಳಿದಿದೆ.

ಇವತ್ತು ಈ ರ್ಯಾಬಿಟ್ ಎಲ್ಲೆಲ್ಲಿ ಇಣುಕುತ್ತೆ ನೋಡಿ. ಹಳೇ ಟೀವಿಯ ಮೇಲಿನ ಎರಡು ಕಡ್ಡಿಯ ಆಂಟೆನಾ 'ರ್ಯಾಬಿಟ್ ಇಯರ್ಸ್'. ಬೇಸ್‌ಬಾಲ್‌ನಲ್ಲಿ ಪ್ರೇಕ್ಷಕರ ಕುಹಕಕ್ಕೆಲ್ಲ ತಲೆಕೆಡಿಸಿಕೊಳ್ಳುವ ಆಟಗಾರನಿಗೂ ಅದೇ ಬಿರುದು. ದೂರದ ಓಟದಲ್ಲಿ ಉಳಿದವರಿಗೆ ವೇಗ ಹಾಕಿಕೊಟ್ಟು ಅರ್ಧದಲ್ಲೇ ಪಕ್ಕಕ್ಕೆ ಸರಿಯುವವನು 'ರ್ಯಾಬಿಟ್'. ಲೂಯಿಸ್ ಕ್ಯಾರಲ್‌ನ ಆಲಿಸ್ 1865ರಲ್ಲಿ ಬಿದ್ದ 'ರ್ಯಾಬಿಟ್ ಹೋಲ್'ಗೆ ಈಗ ನಾವೆಲ್ಲ ರಾತ್ರಿ ಎರಡು ಗಂಟೆಗೆ ವಿಕಿಪೀಡಿಯಾ ಓದುತ್ತಾ ಬೀಳುತ್ತೇವೆ. ಕರೊಲೈನಾದ ಬಾರ್ಬೆಕ್ಯೂ ಹೋಟೆಲಿನಲ್ಲಿ ಬರೀ ಸೊಪ್ಪು-ಸೌತೆಕಾಯಿ ಮುಂದಿಟ್ಟುಕೊಂಡು ಕೂತ ಸಸ್ಯಾಹಾರಿಯ ತಟ್ಟೆ 'ರ್ಯಾಬಿಟ್ ಫುಡ್' (ಈ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೀನೋ ಲೆಕ್ಕ ಇಟ್ಟಿಲ್ಲ). ಇನ್ನು ಅದೃಷ್ಟಕ್ಕೆ ಅಂತ ಕೀಚೈನಿಗೆ ನೇತುಹಾಕುವ ಮೊಲದ ಪಾದ, ಅದರಲ್ಲೂ ಎಡಗಡೆಯ ಹಿಂಗಾಲು ಶ್ರೇಷ್ಠವಂತೆ. ಅಲ್ಲಾ, ಅದೃಷ್ಟ ಯಾರಿಗೆ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ನಮ್ಮ ಗಾದೆಯವನು ಬಹುಶಃ ಇಂಥದ್ದನ್ನೇ ಹಿಡಿದಿದ್ದನೋ ಏನೋ!

ಗಾದೆ ಅಂದೆನಲ್ಲ, ನನಗೆ ಮೊಲದ ಕಥೆಯ ತಿರುಳೇ ಅದರಲ್ಲಿದೆ ಅನ್ನಿಸೋದು. ಮೊಲಕ್ಕೆ ಎಷ್ಟು ಕಾಲು ಅಂತ ಹೇಳುವವನು ಅದನ್ನು ಹಿಡಿದವನು, ಮೊಲ ಅಲ್ಲ. ಇದು ಚೆನ್ನಾಗಿ ಅರ್ಥವಾಗುವುದು ನಾವು ಆವತ್ತು ಹೋಗ್ತಿದ್ದ ದಾರಿಯಲ್ಲೇ.

ಉತ್ತರ ಕರೊಲೈನಾದ ಪಶ್ಚಿಮದ ಬೆಟ್ಟಗಳಲ್ಲಿ ಚೆರೊಕೀ ಜನ ಇದ್ದಾರೆ. ಅವರ ಕಥೆಗಳಲ್ಲಿ ಮೊಲ, ಅವರ ಮಾತಿನಲ್ಲಿ 'ಜಿಸ್ತು', ಮಹಾ ತುಂಟ, ಎಲ್ಲರನ್ನೂ ಯಾಮಾರಿಸುವವನು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಜನಾಂಗ ಅಧ್ಯಯನ ವಿಭಾಗದಿಂದ ಜೇಮ್ಸ್ ಮೂನಿ ಅನ್ನುವವರು 1887ರಿಂದ ಅವರ ನಡುವೆ ಹೋಗಿ ಕೂತು, ಬರೆದುಕೊಂಡು, 1900ರಲ್ಲಿ 'ಮಿಥ್ಸ್ ಆಫ್ ದ ಚೆರೊಕೀ' ಅಂತ ಪ್ರಕಟಿಸಿದರು. ಕರಾವಳಿಯ ಕಡೆ ಹೋದರೆ ದಕ್ಷಿಣ ಕರೊಲೈನಾ, ಜಾರ್ಜಿಯಾದ ದ್ವೀಪಗಳಲ್ಲಿ ಗಲ್ಲಾ-ಗೀಚೀ ಜನ, ಅಂದರೆ ಭತ್ತದ ಗದ್ದೆಗಳಿಗೆ ಗುಲಾಮರಾಗಿ ಆಫ್ರಿಕಾದಿಂದ ತಂದವರ ವಂಶಸ್ಥರು. ಅವರಲ್ಲಿ ಮೊಲ 'ಬಹ್ ರ್ಯಾಬಿಟ್', ಒಳನಾಡಿನ ಕಪ್ಪು ಜನರಲ್ಲಿ 'ಬ್ರೇರ್ ರ್ಯಾಬಿಟ್'. ಎರಡೂ 'ಬ್ರದರ್' ಅನ್ನೋದರ ಆಡುರೂಪ, ಮೊಲಣ್ಣ ಅಂದುಕೊಳ್ಳಿ. ಆಫ್ರಿಕಾದಲ್ಲಿ ಈ ಜಾಣನ ಪಾತ್ರ ಹೇರ್‌ನದು. ಹಡಗಿನ ತಳದಲ್ಲಿ ಬೇರೇನೂ ತರಲಾಗದ ಜನ ಕಥೆ ತಂದರು, ಇಲ್ಲಿನ ಪೊದೆಗಳಲ್ಲಿ ಕಂಡದ್ದು ರ್ಯಾಬಿಟ್, ಕಥೆಯ ಹೇರ್ ರ್ಯಾಬಿಟ್ ಆಯಿತು. ಪುಟ್ಟಿಯ ಅಜ್ಜಿ ಮಾಡಿದ್ದೂ ಅದನ್ನೇ ಅಲ್ಲವೇ?

ಆ ಕಥೆಗಳಲ್ಲಿ ಅತಿ ಪ್ರಸಿದ್ಧವಾದದ್ದು ಟಾರ್ ಬೇಬಿಯದು. ನರಿ ಟಾರ್‌ನಲ್ಲಿ ಒಂದು ಗೊಂಬೆ ಮಾಡಿ ದಾರಿಯಲ್ಲಿ ಕೂರಿಸುತ್ತೆ. ಮೊಲ ಬಂದು ನಮಸ್ಕಾರ ಹೇಳುತ್ತೆ, ಗೊಂಬೆ ಮಾತಾಡೋದಿಲ್ಲ. 'ಎಷ್ಟು ಜಂಭ ನಿಂಗೆ!' ಅಂತ ಒಂದು ಗುದ್ದು, ಕೈ ಅಂಟಿಕೊಳ್ಳುತ್ತೆ. ಇನ್ನೊಂದು ಗುದ್ದು, ಒದೆ, ಕೊನೆಗೆ ತಲೆಯೂ ಅಂಟಿತು. ಸಿಕ್ಕಿಬಿದ್ದ ಮೊಲ ನರಿಯ ಹತ್ತಿರ ಬೇಡಿಕೊಳ್ಳುತ್ತೆ, ಸುಡು, ನೇಣುಹಾಕು, ಏನಾದರೂ ಮಾಡು ಮಾರಾಯ, ಆ ಮುಳ್ಳಿನ ಪೊದೆಗೆ ಮಾತ್ರ ಎಸೆಯಬೇಡ. ನರಿ ಎಸೆಯೋದು ಅಲ್ಲಿಗೇ. ಮೊಲ ಹುಟ್ಟಿ ಬೆಳೆದದ್ದೇ ಮುಳ್ಳಿನ ಪೊದೆಯಲ್ಲಿ! ಟಾರ್ ಅಂದರೆ ಇಲ್ಲಿ ರಸ್ತೆಯ ಡಾಂಬರಲ್ಲ, ಹಡಗಿಗೆ ಬಳಿಯಲು ಪೈನ್ ಮರ ಸುಟ್ಟು ತೆಗೆಯುತ್ತಿದ್ದ ಅಂಟು. ಉತ್ತರ ಕರೊಲೈನಾದವರಿಗೆ ಇವತ್ತಿಗೂ 'ಟಾರ್ ಹೀಲ್' ಅಂತ ಅಡ್ಡಹೆಸರು.

ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತೇ? ಬೌದ್ಧ ಜಾತಕದಲ್ಲಿ ಪಂಚಾಯುಧ ಕುಮಾರ ಅಂಟುಕೂದಲಿನ ಯಕ್ಷನಿಗೆ ಹೊಡೆದು ಕೈ, ಕಾಲು, ತಲೆ ಐದೂ ಅಂಟಿಸಿಕೊಂಡು ನೇತಾಡುತ್ತಾನೆ, ಆದರೂ ಹೆದರದೆ ಮಾತಾಡಿಯೇ ಪಾರಾಗುತ್ತಾನೆ. 1892ರಲ್ಲೇ ಜೋಸೆಫ್ ಜೇಕಬ್ಸ್ ಇದನ್ನು ಹಿಡಿದು ಟಾರ್ ಬೇಬಿಯ ತವರು ಭಾರತ ಅಂತ ವಾದ ಹೂಡಿದ್ದರು. ಚೆರೊಕೀಗಳಲ್ಲೂ ಟಾರಿನ ತೋಳದ ಕಥೆ ಇದೆ. ಕಥೆ ಯಾರದ್ದು ಅನ್ನುವ ಜಗಳದಲ್ಲಿ ಪಂಡಿತರೂ ಅಂಟಿಕೊಂಡು ಕೂತಿದ್ದಾರೆ. ಇವತ್ತು ಹೆಚ್ಚಿನವರು ಬೆರಳು ತೋರಿಸೋದು ಆಫ್ರಿಕಾದ ಕಡೆಗೇ.

ಇದನ್ನು ಜಗತ್ತಿಗೆ ಮುಟ್ಟಿಸಿದವರು ಜೋಯೆಲ್ ಚಾಂಡ್ಲರ್ ಹ್ಯಾರಿಸ್, 'ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್' ಪತ್ರಿಕೆಯವರು. ಬಡತನದಲ್ಲಿ ಬೆಳೆದ ಬಿಳಿ ಹುಡುಗ, ಜಾರ್ಜಿಯಾದ ಈಟನ್‌ಟನ್ ಹತ್ತಿರ ಟರ್ನ್‌ವೋಲ್ಡ್ ಎಂಬ ಪ್ಲಾಂಟೇಷನ್ನಿನಲ್ಲಿ 1862ರಿಂದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕಿದ್ದಾಗ, ಸಂಜೆ ಗುಲಾಮರ ಕೇರಿಗೆ ಹೋಗಿ ಕೂತು ಕೇಳಿದ ಕಥೆಗಳು. 1880ರಲ್ಲಿ 'ಅಂಕಲ್ ರೀಮಸ್' ಪುಸ್ತಕ ಬಂತು. ಕಥೆ ಹೇಳುವವನು ಒಬ್ಬ ಕಪ್ಪು ಮುದುಕ, ಗುಲಾಮಗಿರಿಯ ಕಾಲವೇ ಸೊಗಸಾಗಿತ್ತು ಅಂತ ನೆನೆಯುವವನು, ಕೇಳುವವನು ಧಣಿಯ ಮನೆಯ ಬಿಳಿ ಮಗು. ಯೋಚನೆ ಮಾಡಿ, ಧಣಿಗಳನ್ನು ನರಿ-ತೋಳ ಮಾಡಿ, ತಮ್ಮನ್ನು ಮೊಲ ಮಾಡಿಕೊಂಡು, ರಾತ್ರಿ ತಮ್ಮ ತಮ್ಮಲ್ಲೇ ಹೇಳಿಕೊಂಡು ನಕ್ಕ ಕಥೆಗಳು ಧಣಿಯ ಮಗುವಿಗೆ ಜೋಗುಳ ಆದವು.

ಡಿಸ್ನಿ ಅದನ್ನೇ 'ಸಾಂಗ್ ಆಫ್ ದ ಸೌತ್' ಅಂತ ಸಿನಿಮಾ ಮಾಡಿ 1946ರ ನವೆಂಬರ್ 12ರಂದು ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ಬಿಡುಗಡೆ ಮಾಡಿತು. ರೀಮಸ್ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್ ಆ ದಿನ ಅಲ್ಲಿರಲಿಲ್ಲ. ವರ್ಣಭೇದದ ಆ ಊರಿನಲ್ಲಿ ಕಪ್ಪು ನಟ ತನ್ನದೇ ಚಿತ್ರದ ಸಮಾರಂಭಕ್ಕೆ ಬರುವ ಹಾಗಿರಲಿಲ್ಲ. ಅದೇ ಈಟನ್‌ಟನ್ನಿನಲ್ಲಿ 1944ರಲ್ಲಿ ಹುಟ್ಟಿದ ಲೇಖಕಿ ಆಲಿಸ್ ವಾಕರ್, 1981ರಲ್ಲಿ ಅಟ್ಲಾಂಟಾದಲ್ಲಿ ಮಾತಾಡುತ್ತಾ, ಮನೆಯಲ್ಲಿ ಅಪ್ಪ-ಅಮ್ಮ ಹೇಳುತ್ತಿದ್ದ ತಮ್ಮದೇ ಕಥೆಗಳನ್ನು ಹ್ಯಾರಿಸ್ ಕದ್ದರು, ಅವುಗಳ ಬಗ್ಗೆ ತಮಗೆ ನಾಚಿಕೆ ಬರುವ ಹಾಗೆ ಮಾಡಿದರು ಅಂತ ನೇರವಾಗಿ ಹೇಳಿದರು. ಹ್ಯಾರಿಸ್ ಬರೆಯದಿದ್ದರೆ ಎಷ್ಟೋ ಕಥೆಗಳು ಉಳಿಯುತ್ತಿರಲಿಲ್ಲ ಅನ್ನುವವರೂ ಇದ್ದಾರೆ. ಎರಡೂ ನಿಜ ಅನ್ನಿಸಿ ನನಗೆ ಕಸಿವಿಸಿ. ಅಟ್ಲಾಂಟಾದ ವೆಸ್ಟ್ ಎಂಡ್‌ನಲ್ಲಿ ಹ್ಯಾರಿಸ್ ಬಾಳಿದ ಮನೆ, 'ರೆನ್ಸ್ ನೆಸ್ಟ್', ಈಗ ಮ್ಯೂಸಿಯಂ. ಈಚಿನ ದಶಕಗಳಲ್ಲಿ ಅಲ್ಲಿ ಕೂತು ಮೊಲಣ್ಣನ ಕಥೆ ಹೇಳಿದವರು ಕಪ್ಪು ಕಥೆಗಾರರು ಅನ್ನೋದೊಂದು ಸಮಾಧಾನ.

ಜಾರ್ಜಿಯಾದ್ದೇ ಇನ್ನೊಂದು ಮೊಲ ವಾಷಿಂಗ್ಟನ್ನಿನವರೆಗೂ ಬಂದಿತ್ತು. 1979ರ ಏಪ್ರಿಲ್ 20, ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮೂರು ಪ್ಲೇನ್ಸ್‌ನಲ್ಲಿ ದೋಣಿಯಲ್ಲಿ ಒಬ್ಬರೇ ಮೀನು ಹಿಡಿಯುತ್ತಿದ್ದರು. ಜೌಗಿನ ಮೊಲವೊಂದು, ಈಜು ಬರುವ ಜಾತಿ, ದೋಣಿಯತ್ತ ಬಂತು, ಅವರು ಹುಟ್ಟಿನಿಂದ ನೀರು ಚಿಮ್ಮಿಸಿ ಓಡಿಸಿದರು. ಅಷ್ಟೇ! ಆಗಸ್ಟ್‌ನಲ್ಲಿ ಸುದ್ದಿ ಹೊರಬಿದ್ದು, ಅಧ್ಯಕ್ಷರ ಮೇಲೆ ಮೊಲದ ದಾಳಿ ಅಂತ 'ವಾಷಿಂಗ್ಟನ್ ಪೋಸ್ಟ್' ಮುಖಪುಟದಲ್ಲೇ ಹಾಕಿತು. ಪೆಟ್ರೋಲಿನ ಕ್ಯೂ, ಬೆಲೆಯೇರಿಕೆಗಳ ನಡುವೆ ಮೊದಲೇ ಸೊರಗಿದ್ದ ಕಾರ್ಟರ್, ಮೊಲಕ್ಕೂ ಹೆದರುವ ಪುಕ್ಕಲ ಅನ್ನಿಸಿಕೊಂಡರು. ಮುಂದಿನ ವರ್ಷ ಚುನಾವಣೆಯಲ್ಲಿ ಸೋತರು. ಸೋಲಿಗೆ ಕಾರಣ ಬೇರೆಯವೇ ಇದ್ದವು, ಆದರೆ 2024ರಲ್ಲಿ ನೂರು ತುಂಬಿ ತೀರಿಕೊಂಡಾಗಲೂ ಜನ ಆ ಮೊಲವನ್ನು ಮರೆತಿರಲಿಲ್ಲ.

ಇದನ್ನು ಓದುವಾಗ ನನಗೆ ಥಟ್ಟನೆ ನೆನಪಾದದ್ದು ಹಂಪಿ. ಬೇಟೆಗೆ ಹೋದಾಗ ಮೊಲವೊಂದು ತಿರುಗಿನಿಂತು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಬಂತು, ಅದು ಗಂಡುಮೆಟ್ಟಿನ ನೆಲ ಅಂತ ವಿದ್ಯಾರಣ್ಯರು ಹೇಳಿದ ಮೇಲೆ ಹಕ್ಕ-ಬುಕ್ಕರು 1336ರಲ್ಲಿ ಅಲ್ಲಿ ವಿಜಯನಗರ ಕಟ್ಟಿದರು ಅನ್ನೋದು ಐತಿಹ್ಯ. ಹದಿನಾರನೇ ಶತಮಾನದಲ್ಲಿ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಈ ಮೊಲದ ಕಥೆ ಬರೆದಿಟ್ಟಿದ್ದಾನೆ. ಕೆಂಪೇಗೌಡರ ಬೆಂಗಳೂರಿನ ಬಗ್ಗೆಯೂ ಹೀಗೇ ಹೇಳ್ತಾರೆ. ತಿರುಗಿಬಿದ್ದ ಮೊಲ ನಮ್ಮಲ್ಲಿ ಸಾಮ್ರಾಜ್ಯಕ್ಕೆ ಶುಭಶಕುನ, ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷನಿಗೆ ಅಪಹಾಸ್ಯ. ಮೊಲ ಮಾಡಿದ್ದು ಒಂದೇ ಕೆಲಸ!

ಅಟ್ಲಾಂಟಾ ತಲುಪುವಷ್ಟರಲ್ಲಿ ಪುಟ್ಟಿ ನಿದ್ದೆಹೋಗಿದ್ದಳು. ಮಾರನೇ ದಿನ ಅವಳಿಗೆ ಹೇಳಿದೆ, ನಮ್ಮ ಮೊಲ ಹೇರೇ, ಅಜ್ಜಿ ಹೇಳಿದ್ದೂ ಸರಿ, ನಿನ್ನ ಪುಸ್ತಕವೂ ಸರಿ, ತಪ್ಪು ಹೇಳಿದ್ದು ಮಾಮ. "ಹಾಗಾದ್ರೆ ಅಜ್ಜಿ ಕಥೆ ಇನ್ನೊಂದ್ಸಲ ಹೇಳು" ಅಂದಳು. ಶುರು ಮಾಡಿದೆ, ಅರ್ಧಕ್ಕೇ ನಿಂತೆ. ಅವರ ಅಜ್ಜಿಯ ಮೊಲ ನಡುವೆ ಏನೇನೋ ಮಾತಾಡುತ್ತಂತೆ, ನನಗದು ಬರೋದಿಲ್ಲ. ನನ್ನಜ್ಜಿಯ ಮೊಲವೂ ಸಿಂಹವನ್ನು ಬಾವಿಗೆ ಕೆಡವುವ ಮುಂಚೆ ಬೇಕಾದಷ್ಟು ಮಾತಾಡುತ್ತಿತ್ತು, ನಾನು ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ, ಈಗ ಕೇಳೋಣ ಅಂದರೆ ಅಜ್ಜಿಯಿಲ್ಲ.

ಆವತ್ತು ಸಂಜೆ ಪುಟ್ಟಿಯ ಅಜ್ಜಿಗೆ ಫೋನ್ ಹಚ್ಚಿ, ಸ್ಪೀಕರಿನಲ್ಲಿಟ್ಟು, ರೆಕಾರ್ಡ್ ಬಟನ್ ಒತ್ತಿ ಕೂತೆವು. ಅವರ ಮೊಲಕ್ಕೆ ಎಷ್ಟು ಕಾಲು ಅನ್ನೋದನ್ನು ಅವರೇ ಹೇಳಲಿ. ನಿಮ್ಮ ಮನೆಯ ಮೊಲ ಏನು ಮಾತಾಡ್ತಿತ್ತು, ಯಾರಿಗಾದರೂ ನೆನಪಿದೆಯೇ?