ಜೀರ್ಣಾಂಗದ ನ್ಯೂರೋಎಂಡೋಕ್ರೈನ್ ಗಡ್ಡೆಗಳು: ಸಿ.ಟಿ. ಪತ್ತೆಯ ಚರಿತ್ರೆ

ಜಠರ, ಕರುಳು, ಮೇದೋಜೀರಕಗಳಲ್ಲಿ ಚದುರಿಕೊಂಡಿರುವ, ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ ಗಡ್ಡೆಗಳಿವು. ಮ್ಯೂನಿಕ್‌ನ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣ ಕರುಳಿನ ಇಂಥ ಗಡ್ಡೆಗಳನ್ನು ಕಾರ್ಸಿನಾಯ್ಡ್ ಎಂದು ಕರೆದ. ಇವು ಹರಡುವುದಿಲ್ಲವೆಂದು ಮೊದಲು ನಂಬಿದ್ದ ಆತ, 1929ರಲ್ಲಿ ಆ ಮಾತನ್ನು ತಾನೇ ತಿದ್ದಿದ. ಬಹುಕಾಲ ಇವು ಬಯಲಾಗುತ್ತಿದ್ದುದು ಶಸ್ತ್ರಚಿಕಿತ್ಸೆಯಲ್ಲಿ ಇಲ್ಲವೇ ಶವಪರೀಕ್ಷೆಯಲ್ಲಿ. ಬೇರಿಯಂ ಎಕ್ಸ್‌ರೇ, ಆಂಜಿಯೋಗ್ರಾಂಗಳ ನೆರವೂ ಅಷ್ಟಕ್ಕಷ್ಟೆ.

ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು. ಒಂದು ಚಿತ್ರಣಕ್ಕೆ ನಾಲ್ಕೈದು ನಿಮಿಷ ಬೇಕಿತ್ತು. ತಲೆಯನ್ನು ಅಲುಗದಂತೆ ಹಿಡಿದಿಡಬಹುದು. ಉಸಿರಿನೊಂದಿಗೆ ಏರಿಳಿಯುವ, ತಾನೇ ಹೊರಳಾಡುವ ಕರುಳನ್ನು ಹಿಡಿದಿಡುವುದು ಹೇಗೆ? ಇಡೀ ದೇಹದ ಯಂತ್ರಗಳು ಕೆಲವೇ ವರ್ಷಗಳಲ್ಲಿ ಬಂದರೂ, ಕಣ್ಣಿಗೆ ಬೀಳುತ್ತಿದ್ದುದು ಮೂಲ ಗಡ್ಡೆಗಿಂತ ಹೆಚ್ಚಾಗಿ ಅದರ ಹೆಜ್ಜೆಗುರುತುಗಳು: ಯಕೃತ್ತಿಗೆ ಹರಡಿದ ಗಂಟುಗಳು, ಮತ್ತು ಕರುಳನ್ನು ಹಿಡಿದಿರುವ ಮೆಸೆಂಟರಿ ಪೊರೆಯಲ್ಲಿ ಬೆಳೆದ ಮುದ್ದೆ. ಈ ಮುದ್ದೆಯ ಸುತ್ತ ನಾರಿನಂಥ ಅಂಗಾಂಶ ಬಿಗಿದು, ಗಾಲಿಯ ಅರೆಗಳಂತೆ ಗೆರೆಗಳು ಹೊರಚಾಚುತ್ತವೆ. ಒಳಗೆ ಸುಣ್ಣ ಕಟ್ಟಿರುವುದೂ ಉಂಟು. ಸಣ್ಣ ಕರುಳಿನ ಕಾರ್ಸಿನಾಯ್ಡನ್ನು ಸೂಚಿಸಲು ಇಷ್ಟು ಬಲವಾದ ಚಿಹ್ನೆ ಸಿ.ಟಿ.ಯಲ್ಲಿ ಇನ್ನೊಂದಿಲ್ಲ. ಕುತೂಹಲದ ಸಂಗತಿಯೆಂದರೆ, ಈ ಮುದ್ದೆ ಅನೇಕ ವೇಳೆ ಮೂಲ ಗಡ್ಡೆಗಿಂತ ಎಷ್ಟೋ ದೊಡ್ಡದು.

ನಿಜವಾದ ತಿರುವು ಬಂದದ್ದು ವೇಗದಿಂದ. ವಿಲ್ಲಿ ಕಾಲೆಂಡರ್ 1989ರಲ್ಲಿ ಪ್ರಕಟಿಸಿದ ಸ್ಪೈರಲ್ ಸಿ.ಟಿ., 1998ರ ಸುಮಾರಿಗೆ ಬಂದ ನಾಲ್ಕು ಸಾಲು ಡಿಟೆಕ್ಟರುಗಳ ಯಂತ್ರಗಳು ಒಂದೇ ಉಸಿರಿನ ಬಿಗಿತದಲ್ಲಿ ಹೊಟ್ಟೆಯನ್ನು ಚಿತ್ರಿಸತೊಡಗಿದವು. ಈ ಗಡ್ಡೆಗಳಿಗೆ ರಕ್ತನಾಳಗಳು ಹೇರಳ. ಅಯೋಡಿನ್ ದ್ರಾವಣ ಚುಚ್ಚಿದ ಸುಮಾರು 30–40 ಸೆಕೆಂಡುಗಳ ಅಪಧಮನಿ ಹಂತದಲ್ಲಿ ಅವು ಬೆಳಗುತ್ತವೆ. 70 ಸೆಕೆಂಡುಗಳ ಹೊತ್ತಿಗೆ ಯಕೃತ್ತೂ ಬೆಳಗಿ, ಅದರೊಳಗಿನ ಗಂಟು ಮರೆಯಾಗಬಹುದು. ಆದ್ದರಿಂದ ಎರಡೂ ಹಂತಗಳನ್ನು ತೆಗೆಯುವುದು ರೂಢಿಯಾಯಿತು. ಕರುಳನ್ನು ನೀರಿನಂಥ ದ್ರವದಿಂದ ಹಿಗ್ಗಿಸಿ ನೋಡುವ ಸಿ.ಟಿ. ಎಂಟೆರೋಗ್ರಫಿ ಗೋಡೆಯ ಚಿಕ್ಕ ಗಡ್ಡೆಗಳನ್ನೂ ತೋರಿಸಿಕೊಟ್ಟಿತು.

ಯಂತ್ರಗಳು ಹೆಚ್ಚಿದಂತೆ ಆಕಸ್ಮಿಕ ಪತ್ತೆಯೂ ಹೆಚ್ಚಿತು. ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್‌ಗೆ ಮೇದೋಜೀರಕದಲ್ಲಿ ಇಂಥ ಗಡ್ಡೆಯಿರುವ ಸುಳಿವು 2003ರಲ್ಲಿ ಸಿಕ್ಕಿದ್ದು ಮೂತ್ರಪಿಂಡ ನೋಡಲೆಂದು ತೆಗೆದ ಸಿ.ಟಿ.ಯಲ್ಲಿ.

ಸಿ.ಟಿ. ಆಕಾರವನ್ನು ತೋರಿಸೀತು, ಜೀವಕೋಶದ ಸ್ವಭಾವವನ್ನಲ್ಲ. ಸಹಜ ಗಾತ್ರದಲ್ಲೇ ಉಳಿದ ದುಗ್ಧಗ್ರಂಥಿಯಲ್ಲಿ ರೋಗ ಕೂತಿದ್ದರೆ ಅದಕ್ಕೆ ತಿಳಿಯದು. ಬಹುಪಾಲು ಗಡ್ಡೆಗಳ ಮೇಲಿರುವ ಸೊಮಾಟೊಸ್ಟಾಟಿನ್ ಗ್ರಾಹಕಗಳನ್ನು ವಿಕಿರಣಶೀಲ ವಸ್ತುವಿನಿಂದ ಗುರುತಿಸುವ ವಿಧಾನ 1980ರ ದಶಕದ ಕೊನೆಗೆ ರಾಟರ್‌ಡ್ಯಾಮ್‌ನಲ್ಲಿ ರೂಪುಗೊಂಡಿತು. ಮುಂದೆ ಗ್ಯಾಲಿಯಂ-68 ಡೋಟಾಟೇಟ್ ಪೆಟ್-ಸಿ.ಟಿ. ಆ ಜಾಗ ಹಿಡಿಯಿತು. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಆದರೂ ಮೆಸೆಂಟರಿಯ ಮುದ್ದೆ ಕರುಳಿನ ಮುಖ್ಯ ಅಪಧಮನಿಯ ಬುಡಕ್ಕೆ ಎಷ್ಟು ಹತ್ತಿರವಿದೆ, ಅದನ್ನು ಕೊಯ್ದು ತೆಗೆಯಲಾದೀತೇ ಎಂಬುದನ್ನು ಶಸ್ತ್ರವೈದ್ಯರು ಇಂದಿಗೂ ಅಯೋಡಿನ್ ಕೊಟ್ಟು ತೆಗೆದ ಸಿ.ಟಿ. ನೋಡಿಯೇ ನಿರ್ಧರಿಸುತ್ತಾರೆ.